ಸ್ಮರಣೆ ದಿನ ನಕ್ಕವರು

ಮಾರ್ಚ್ 9

ಅತ್ತೆಗೆ ನಮಸ್ಕಾರ.

ಈ ಕಾಗದವನ್ನು ಬರೆದು ಹರಿದು, ಬರೆದು ಹರಿದು ಸಾಕಾಗಿದೆ. ಫೋನಿನಲ್ಲಿ ಹೇಳಿಬಿಡಬಹುದಿತ್ತು. ಆದರೆ ಫೋನಿನಲ್ಲಿ ನೀವು "ಹ್ಞೂ, ಆಮೇಲೆ?" ಎನ್ನುತ್ತೀರಿ, ನಾನು ಆಮೇಲಿನದನ್ನು ಹೇಳಲು ಹೋಗಿ ಹೇಳಬೇಕಾದ್ದನ್ನೇ ನುಂಗಿಕೊಳ್ಳುತ್ತೇನೆ.

ನಾನು ಮದುವೆಯಾಗಬೇಕೆಂದಿದ್ದೇನೆ.

ಅವರು ಲಿಫ್ಟ್ ರಿಪೇರಿ ಮಾಡುವವರು. ನಮ್ಮ ಸ್ಟುಡಿಯೋ ಇರುವ ಕಟ್ಟಡದ ಲಿಫ್ಟ್ ಆಗಾಗ ಕೈಕೊಡುವುದನ್ನು ನಿಮಗೆ ಹೇಳಿದ್ದೆನಲ್ಲ. ಒಂದು ದಿನ ನಾನು ಸ್ಟ್ಯಾಂಡು, ಲೈಟು, ಯಾರದೋ ಮದುವೆಯ ಆಲ್ಬಮ್ಮು ಎಲ್ಲವನ್ನೂ ಹೊತ್ತುಕೊಂಡು ಅದರೊಳಗೆ ಸಿಕ್ಕಿಹಾಕಿಕೊಂಡೆ. ಮೇಲಿನಿಂದ ಒಂದು ದನಿ ಬಂತು: "ಮೇಡಂ, ಗಾಬರಿಯಾಗ್ಬೇಡಿ, ಇದು ಬೀಳಲ್ಲ. ಬಿದ್ರೂ ನಾನು ಇದರ ತಲೆ ಮೇಲೇ ಕೂತಿದ್ದೀನಿ, ಜೊತೆಗೇ ಬರ್ತೀನಿ." ಎಷ್ಟೋ ದಿನಗಳ ಮೇಲೆ ನನಗೆ ನಗು ಬಂದದ್ದು ಆಗಲೇ. ತಾಯಿಯನ್ನು ನೋಡಿಕೊಳ್ಳುವುದರಲ್ಲಿ ಅವರಿಗೆ ಮದುವೆಯ ವಯಸ್ಸು ದಾಟಿಹೋಯಿತಂತೆ. ಮಾತು ಕಡಿಮೆ. ಕೈಯಲ್ಲಿ ಯಾವಾಗಲೂ ಗ್ರೀಸಿನ ವಾಸನೆ.

ನಿಮ್ಮ ಮಗ ಹೋಗಿ ಒಂಬತ್ತು ವರ್ಷವಾಯಿತು. ಅವರನ್ನು ಮರೆತೆನೆಂದು ನೀವು ತಿಳಿಯುವುದಿಲ್ಲ, ಅಷ್ಟು ಗೊತ್ತು. ನಾನು ದಣಿದಿದ್ದೇನೆ ಅತ್ತೆ. ಇಡೀ ದಿನ ಪಾಸ್‌ಪೋರ್ಟ್ ಫೋಟೋಗೆ ಬಂದವರಿಗೆ "ನೇರ ನೋಡಿ, ನೇರ ನೋಡಿ" ಎಂದು ಹೇಳಿ, ಮನೆಗೆ ಬಂದು ಬೀಗ ತೆಗೆದರೆ ಒಳಗೆ ಬೆಳಿಗ್ಗೆ ನಾನೇ ಇಟ್ಟ ಲೋಟ ಇಟ್ಟಲ್ಲೇ ಇರುತ್ತದೆ. ಅದನ್ನು ನೋಡಿ ನೋಡಿ ಸಾಕಾಗಿದೆ.

ಭಯ ಒಂದೇ. ನನಗೆ ತಾಯಿಯಿಲ್ಲ, ತವರಿಲ್ಲ. ರಜೆ ಬಂದರೆ ಚೀಲ ಹಿಡಿದು ಹೋಗಲು ಇರುವ ಮನೆ ನಿಮ್ಮದೊಂದೇ. ಈ ಮದುವೆಯಾದ ಮೇಲೆ ಆ ಮನೆಗೆ ನಾನು ಯಾರು? ನೀವು ಬೇಡವೆಂದರೂ ಆಗುತ್ತೇನೆ, ಸುಳ್ಳು ಹೇಳುವುದಿಲ್ಲ. ಆದರೆ ನಿಮ್ಮನ್ನು ಕಳೆದುಕೊಂಡು ಆದರೆ ನನ್ನ ಸಂತೋಷ ಅರ್ಧವೇ.

ಮಂಡಿ ನೋವು ಹೇಗಿದೆ? ಉತ್ತರ ಬರೆಯಿರಿ.

ನಿಮ್ಮ ಸೊಸೆ


ಮಾರ್ಚ್ 31

ಸೊಸೆಗೆ,

ಮಂಡಿ ಇದ್ದಲ್ಲೇ ಇದೆ, ನೋವೂ ಇದ್ದಲ್ಲೇ ಇದೆ. ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಒದ್ದೆ ನೆಲದ ಮೇಲೆ ಅಷ್ಟು ವರ್ಷ ನಿಂತದ್ದಕ್ಕೆ ಅವರು ಕೊಟ್ಟ ಉಡುಗೊರೆ ಅದು. ಕೆಲಸ ಬಿಟ್ಟರೂ ಅದು ನನ್ನನ್ನು ಬಿಟ್ಟಿಲ್ಲ. ಅಡುಗೆಮನೆಯ ನಲ್ಲಿ ಸೋರುತ್ತಿದೆ. ಪಕ್ಕದ ಮನೆಯ ಟೀಚರಮ್ಮ ಅದಕ್ಕೊಂದು ಬಟ್ಟೆ ಸುತ್ತಿಕೊಟ್ಟಿದ್ದಾಳೆ, ಈಗ ಬಟ್ಟೆಯ ಸಮೇತ ಸೋರುತ್ತಿದೆ.

ವಿಷಯ ಏನೆಂದರೆ, ಸ್ಮರಣೆ ದಿನದ ಫೋಟೋ ತೆಗೆಯುತ್ತಿದ್ದ ಮುದುಕ ಅಂಗಡಿ ಮುಚ್ಚಿಕೊಂಡು ಮಗಳ ಊರಿಗೆ ಹೊರಟುಹೋದ. ಪುರಸಭೆಯ ಕಾರ್ಯದರ್ಶಿ ತಲೆಯ ಮೇಲೆ ಕೈ ಹೊತ್ತು ಕೂತಿದ್ದಾನೆ. ಸ್ಮಾರಕದ ಕಲ್ಲಿನ ಮುಂದೆ ಒಂದೊಂದು ಮನೆಯವರನ್ನೂ ನಿಲ್ಲಿಸಿ, ಸೇನೆಯಲ್ಲಿ ಸತ್ತವರ ಫೋಟೋ ಕೈಗೆ ಕೊಟ್ಟು, ಒಂದು ಹೊಸ ಫೋಟೋ ತೆಗೆದು ಪುರಸಭೆಯ ಪಡಸಾಲೆಯಲ್ಲಿ ವರ್ಷಪೂರ್ತಿ ತೂಗುಹಾಕದಿದ್ದರೆ ಈ ಊರಿಗೆ ನಿದ್ದೆ ಬರುವುದಿಲ್ಲವಲ್ಲ. ನಾನು ಹೇಳಿದೆ, ನನ್ನ ಸೊಸೆಯ ಹತ್ತಿರ ಕ್ಯಾಮೆರಾ ಇದೆ ಎಂದು. ಅವನ ಮುಖ ಅರಳಿತು. ಜೂನ್ ಮೊದಲ ವಾರ ಶುಕ್ರವಾರ, ಶನಿವಾರ, ಭಾನುವಾರ ಮೂರು ದಿನ ರಜೆ. ಗುರುವಾರವೇ ಬಾ.

ನೀನು ಸ್ಟುಡಿಯೋದಲ್ಲಿ ರಜೆ ಕೇಳಿದರೆ ಆ ಯಜಮಾನ ಮುಖ ಗಂಟು ಹಾಕಿಕೊಳ್ಳುತ್ತಾನೆ, ಗೊತ್ತು. ಹಾಕಿಕೊಳ್ಳಲಿ. ಸರಕಾರದ ರಜೆ, ಅವನಪ್ಪನ ರಜೆಯಲ್ಲ.

ಹಾಸಿಗೆಯ ಹೊದಿಕೆ ಒಗೆದಿಟ್ಟಿದ್ದೇನೆ.

ನಿನ್ನ ಕಾಗದ ಬಂತು. ಓದಿದೆ.

ಅತ್ತೆ


ಏಪ್ರಿಲ್ 14

ಅತ್ತೆಗೆ ನಮಸ್ಕಾರ.

ಬರುತ್ತೇನೆ. ಯಜಮಾನರು ಒಪ್ಪಿದ್ದಾರೆ, ಮುಖ ಗಂಟು ಹಾಕಿಕೊಂಡೇ ಒಪ್ಪಿದ್ದಾರೆ.

"ಓದಿದೆ" ಎಂಬ ಒಂದು ಮಾತನ್ನು ನಾನು ಎಷ್ಟು ಸಲ ಓದಿದೆನೋ. ಕೋಪದ "ಓದಿದೆ"ಯೋ, ಬೇಸರದ್ದೋ, ಇನ್ನೂ ಯೋಚಿಸುತ್ತಿದ್ದೇನೆ ಎನ್ನುವುದೋ ತಿಳಿಯಲಿಲ್ಲ. ಬೈದಿದ್ದರೂ ಚೆನ್ನಾಗಿತ್ತು. ನೀವು ಬೈಯುವುದನ್ನು ಕೇಳಿ ನನಗೆ ಅಭ್ಯಾಸವಿದೆ, ಸುಮ್ಮನಿರುವುದನ್ನು ತಡೆದುಕೊಳ್ಳಲು ಬರುವುದಿಲ್ಲ.

ಒಂದು ಮಾತು ಕೇಳಿಬಿಡುತ್ತೇನೆ. ಇಷ್ಟು ವರ್ಷ ಆ ಫೋಟೋದಲ್ಲಿ ನೀವು ಕುರ್ಚಿಯ ಮೇಲೆ, ನಿಮ್ಮ ಮಡಿಲಲ್ಲಿ ನಿಮ್ಮ ಮಗನ ಫೋಟೋ, ಪಕ್ಕದಲ್ಲಿ ನಾನು. ಫೋಟೋ ತೆಗೆಯುವವಳು ಫೋಟೋದಲ್ಲಿ ಇರಲಾಗುವುದಿಲ್ಲ. ಟೈಮರ್ ಇಟ್ಟು ಓಡಿಬರಬಹುದು, ಆದರೆ ಕಹಳೆ ಊದುವಾಗ ಹಾಗೆ ಓಡಿದರೆ ಕಾರ್ಯದರ್ಶಿಗಳು ಎದೆ ಹಿಡಿದುಕೊಂಡಾರು. ಅಂದರೆ ಈ ಸಲ ನೀವು ಒಬ್ಬರೇ ಕೂರುತ್ತೀರಿ. ಅದಕ್ಕೇ ನನ್ನನ್ನು ಕ್ಯಾಮೆರಾ ಹಿಡಿದುಕೊಂಡು ಬಾ ಎಂದಿರಾ?

ಹೌದು ಎಂದರೆ ಹೌದು ಎಂದು ಬರೆಯಿರಿ.

ನಲ್ಲಿಗೆ ವಾಷರ್ ತರುತ್ತೇನೆ.

ನಿಮ್ಮ ಸೊಸೆ


ಜೂನ್ 8, ಬೆಳಿಗ್ಗೆ, ಅಡುಗೆಮನೆಯ ಮೇಜಿನ ಮೇಲೆ

ಹಾಲು ಕಾಯಿಸಿಟ್ಟಿದ್ದೇನೆ. ಬ್ರೆಡ್ಡು ಡಬ್ಬಿಯಲ್ಲಿದೆ. ನಾನು ಅವನ ಫೋಟೋದ ಗಾಜು ಒರೆಸಿಕೊಂಡು ಸೀದಾ ಸ್ಮಾರಕದ ಹತ್ತಿರ ಹೋಗುತ್ತೇನೆ, ಟೀಚರಮ್ಮ ಕೈ ಹಿಡಿದುಕೊಳ್ಳುತ್ತಾಳೆ. ನಿನ್ನೆ ಬಿಸಿಲಲ್ಲಿ ನಿಂತು ನಿನ್ನ ಕತ್ತು ಕೆಂಪಾಗಿದೆ. ಟೋಪಿ ಬಾಗಿಲ ಹಿಂದೆ ಇದೆ, ಅವನದು. ಹಾಕಿಕೋ.

ನಲ್ಲಿ ನಿಂತಿತು. ರಾತ್ರಿಯೆಲ್ಲ ಆ ಸದ್ದಿಲ್ಲದೆ ನಿದ್ದೆ ಹತ್ತಲಿಲ್ಲ.


ಜೂನ್ 16

ಅತ್ತೆಗೆ ನಮಸ್ಕಾರ.

ಬಂದು ಮುಟ್ಟಿದ್ದನ್ನು ಫೋನಿನಲ್ಲಿ ಹೇಳಿದೆ. ಮೂರು ದಿನ ನಾವು ಒಂದೇ ಮನೆಯಲ್ಲಿದ್ದೆವು, ನಲ್ಲಿಯ ಬಗ್ಗೆ ಮಾತಾಡಿದೆವು, ಟೀಚರಮ್ಮನ ಬಗ್ಗೆ ಮಾತಾಡಿದೆವು, ಬಸ್ಸಿನ ಹೊತ್ತಿನ ಬಗ್ಗೆ ಮಾತಾಡಿದೆವು. ಮದುವೆಯ ಮಾತನ್ನು ನೀವು ಎತ್ತಲಿಲ್ಲ, ನನಗೆ ಧೈರ್ಯ ಬರಲಿಲ್ಲ. ಬಸ್ಸು ಹತ್ತುವಾಗ ನೀವು "ಹುಷಾರು" ಎಂದಿರಿ. ನಾನೂ "ಹುಷಾರು" ಎಂದೆ. ಇಬ್ಬರೂ ಹೇಡಿಗಳು.

ನೀವು ಕ್ಯಾಮೆರಾದ ಆ ಕಡೆ ಇದ್ದಿರಿ. ಈ ಕಡೆಯಿಂದ ಏನು ಕಂಡಿತೆಂದು ಬರೆಯುತ್ತೇನೆ.

ಶುಕ್ರವಾರ ಬರೀ ಭಾಷಣ. ಮೈಕಿನವರು ನಿಮ್ಮ ಮಗನನ್ನು ಈ ವರ್ಷವೂ "ಶತ್ರುಗಳ ಎದೆ ನಡುಗಿಸಿದ ವೀರ" ಎಂದರು. ಸೇನೆಯ ಅಡುಗೆಯವನು ಯಾರ ಎದೆ ನಡುಗಿಸಿದ್ದಾನು, ಉಪ್ಪು ಹೆಚ್ಚಾದ ದಿನ ನಡುಗಿಸಿರಬೇಕು. ನಾನು ಕ್ಯಾಮೆರಾದಿಂದ ನಿಮ್ಮ ಮುಖ ಹುಡುಕಿದೆ. ನೀವು ಪಾದ ನೋಡಿಕೊಂಡು ಕೂತಿದ್ದಿರಿ. ಹಿಂದಿನ ಸಾಲಿನಲ್ಲಿ ಒಬ್ಬರು ಆಕಳಿಸಿದರು, ಅವರ ಪಕ್ಕದವರಿಗೂ ಆಕಳಿಕೆ ಬಂತು, ಹಾಗೇ ಅದು ಸಾಲು ಹಿಡಿದು ಬಂತು. ಒಂಬತ್ತು ವರ್ಷದ ಹಿಂದೆ ಇದೇ ಜನ ಎದೆ ಬಡಿದುಕೊಂಡು ಅತ್ತದ್ದನ್ನು ನೋಡಿದ್ದೇನೆ. ಅಳುವುದಕ್ಕೂ ದಣಿವಾಗುತ್ತದೆ ಎಂದು ನನಗೆ ಗೊತ್ತಿತ್ತು, ಊರಿಗೆ ಊರೇ ದಣಿದದ್ದನ್ನು ಮಾತ್ರ ಈ ಸಲ ಕಂಡೆ.

ಶನಿವಾರದಿಂದ ಫೋಟೋ. ಮೊದಲು ಫೋಟೋ ತೆಗೆಯುತ್ತಿದ್ದ ಆ ಮುದುಕರು ಒಂದು ತೊಂದರೆಯನ್ನು ನನಗೆ ಹೇಳಿರಲಿಲ್ಲ. ಮಡಿಲಲ್ಲಿರುವ ಫೋಟೋಗೆ ಗಾಜಿರುತ್ತದೆ, ಗಾಜಿನಲ್ಲಿ ಆಕಾಶ ಬೀಳುತ್ತದೆ. ಕೂತವರೆಲ್ಲ ಚೆನ್ನಾಗಿ ಬರುತ್ತಾರೆ, ಸತ್ತವರ ಜಾಗದಲ್ಲಿ ಬರೀ ಬೆಳ್ಳಗೆ. ಅದಕ್ಕೆ ಇರುವ ಉಪಾಯ ಒಂದೇ, ಫೋಟೋದ ಮೇಲಿನ ಅಂಚನ್ನು ಮುಂದಕ್ಕೆ ಬಗ್ಗಿಸಬೇಕು. "ಅಜ್ಜಿ, ಫೋಟೋ ಸ್ವಲ್ಪ ಬಗ್ಗಿಸಿ." "ಅಣ್ಣಾ, ಇನ್ನೂ ಸ್ವಲ್ಪ." "ಅಮ್ಮಾ, ಅಷ್ಟು ಬೇಡ, ಅವರು ನೆಲ ನೋಡ್ತಿದ್ದಾರೆ." ಶನಿವಾರ ಇಡೀ ದಿನ, ಭಾನುವಾರ ಮಧ್ಯಾಹ್ನದವರೆಗೆ ಇದೇ ಮಾತು. ಬಾಯಿ ಒಣಗಿತ್ತು, ಬೆನ್ನು ಹಿಡಿದುಕೊಂಡಿತ್ತು, ಎದುರಿಗೆ ಯಾರು ಬಂದು ಕೂತರೆಂದೂ ನೋಡುತ್ತಿರಲಿಲ್ಲ, ಗಾಜನ್ನಷ್ಟೇ ನೋಡುತ್ತಿದ್ದೆ.

ಹಾಗಿರುವಾಗ ಮುಂದಿನ ಗಾಜಿನಲ್ಲಿ ನಿಮ್ಮ ಮಗ ಕಂಡರು. ಅರ್ಧ ಮುಖ ಆಕಾಶದಲ್ಲಿ ಮುಳುಗಿತ್ತು. ನನ್ನ ಬಾಯಿಂದ ಬಂದದ್ದನ್ನು ನೀವು ಕೇಳಿದಿರಿ, ಬ್ಯಾಂಡಿನವರು ಕೇಳಿದರು, ಕಾರ್ಯದರ್ಶಿಗಳೂ ಕೇಳಿದರು. "ರೀ, ತಲೆ ಬಗ್ಗಿಸ್ರೀ. ಒಂದ್ಸಲ ಹೇಳಿದ್ರೆ ಕೇಳಬಾರದಾ ನಿಮಗೆ?"

ನಿಮಗೆ ಹೇಳಬೇಕಾದ್ದನ್ನು ಅವರಿಗೆ ಹೇಳಿಬಿಟ್ಟೆ ಅತ್ತೆ. ಬಾಗಿಲಿಗೆ ತಲೆ ಬಡಿಸಿಕೊಳ್ಳುತ್ತಿದ್ದರಲ್ಲ, ಆಗ ಹೇಳುತ್ತಿದ್ದ ಹಾಗೆಯೇ, ಅದೇ ಗೊಣಗಾಟದಲ್ಲಿ. ಇನ್ನೊಬ್ಬರನ್ನು ಮದುವೆಯಾಗುತ್ತೇನೆ ಎಂದವಳು ಸ್ಮಾರಕದ ಮುಂದೆ ನಿಂತು ಗಂಡನನ್ನು ಗದರುತ್ತಿದ್ದಾಳೆ.

ಆಗ ನೀವು ಫೋಟೋ ಬಗ್ಗಿಸುತ್ತಾ ಹೇಳಿದಿರಿ: "ಬಗ್ಗಿಸ್ತಾನೆ ತಾಳೇ. ಒಂದೇ ಸಲಕ್ಕೆ ಯಾವತ್ತು ಮಾತು ಕೇಳಿದ್ದಾನೆ ಅವನು?" ಹೇಳಿ ನಕ್ಕಿರಿ. ತುಟಿ ಮುಚ್ಚಿಕೊಂಡಲ್ಲ, ಹೊಟ್ಟೆ ಕುಲುಕುವ ಹಾಗೆ. ನನ್ನ ಬೆರಳು ತನ್ನಷ್ಟಕ್ಕೆ ಒತ್ತಿತು. ಆಮೇಲೆ ನೀವು ಮುಖ ಗಂಭೀರ ಮಾಡಿಕೊಂಡಿರಿ, ನಾನು ಇನ್ನೆರಡು ತೆಗೆದೆ. ಅವೆರಡರಲ್ಲೂ ಗಾಜು ಬೆಳ್ಳಗಾಗಿದೆ. ನಕ್ಕದ್ದರಲ್ಲಿ ಮಾತ್ರ ಅವರ ಮುಖ ಪೂರ್ತಿ ಬಂದಿದೆ.

ಅದನ್ನೇ ದೊಡ್ಡದು ಮಾಡಿ ಪುರಸಭೆಗೆ ಕಳಿಸಿದ್ದೇನೆ. ಒಂದು ನಿಮಗೆ. ನೋಡಿ, ಬಲಗಡೆ ಜಾಗ ಖಾಲಿ ಇದೆ. ನಾನು ನಿಲ್ಲುತ್ತಿದ್ದ ಜಾಗ.

ನಿಮ್ಮ ಸೊಸೆ


ಜುಲೈ 3

ಪುರಸಭೆ ಕಾರ್ಯದರ್ಶಿಯವರ ಕಚೇರಿಯಿಂದ
ವಿಷಯ: ಸ್ಮರಣೆ ದಿನದ ಕುಟುಂಬ ಭಾವಚಿತ್ರಗಳ ಕುರಿತು

ಮಾನ್ಯರೇ,

ತಾವು ಕಳುಹಿಸಿರುವ ಭಾವಚಿತ್ರಗಳು ತಲುಪಿದ್ದು, ಒಂದನ್ನು ಹೊರತುಪಡಿಸಿ ಉಳಿದೆಲ್ಲವನ್ನೂ ಅಂಗೀಕರಿಸಲಾಗಿದೆ. ಸೇನೆಯ ಅಡುಗೆ ವಿಭಾಗದಲ್ಲಿದ್ದ ದಿವಂಗತರ ತಾಯಿಯವರ ಭಾವಚಿತ್ರದಲ್ಲಿ ಸದರಿಯವರು ಹಲ್ಲು ಕಾಣುವಂತೆ ನಗುತ್ತಿರುವುದು ಕಂಡುಬಂದಿದ್ದು, ಇದು ಸಂದರ್ಭದ ಗಾಂಭೀರ್ಯಕ್ಕೆ ತಕ್ಕುದಲ್ಲವೆಂದು ಅಭಿಪ್ರಾಯಪಡಲಾಗಿದೆ. ನಗದೇ ಇರುವ ಬದಲಿ ಭಾವಚಿತ್ರವನ್ನು ಶೀಘ್ರವಾಗಿ ಕಳುಹಿಸಿಕೊಡಲು ಕೋರಿದೆ.

ಮುಂದುವರಿದು, ತಾವು ಮರುವಿವಾಹವಾಗಲಿರುವ ವಿಷಯವನ್ನು ಸದರಿ ತಾಯಿಯವರು ಖುದ್ದಾಗಿ ಕಚೇರಿಗೆ ಬಂದು ತಿಳಿಸಿರುತ್ತಾರೆ. ಆದ್ದರಿಂದ ಮುಂದಿನ ವರ್ಷದಿಂದ ಕುಟುಂಬದವರ ಸಾಲಿನಿಂದ ತಮ್ಮನ್ನು ಕೈಬಿಡಲಾಗುವುದೆಂದು ತಿಳಿಯಪಡಿಸಲಾಗಿದೆ. ತಮ್ಮ ಮುಂದಿನ ಜೀವನಕ್ಕೆ ಶುಭ ಹಾರೈಕೆಗಳು.

ತಮ್ಮ ವಿಶ್ವಾಸಿ,
ಕಾರ್ಯದರ್ಶಿ


ಜುಲೈ 8

ಅತ್ತೆ,

ಕಾರ್ಯದರ್ಶಿಗಳ ಕಾಗದ ಬಂತು. ಇದರ ಜೊತೆ ಇಟ್ಟಿದ್ದೇನೆ, ಟೀಚರಮ್ಮನ ಕೈಯಲ್ಲಿ ಓದಿಸಿಕೊಳ್ಳಿ, ಆ ಭಾಷೆ ಅವರಿಗಾದರೂ ತಿಳಿದೀತು.

ನನ್ನನ್ನು ಬೈಯಬಹುದಿತ್ತು. ಮನೆಗೆ ಬರಬೇಡ ಎನ್ನಬಹುದಿತ್ತು. ಮಾರ್ಚಿನಿಂದ ಒಂದು ಮಾತಿಗಾಗಿ ಕಾಯುತ್ತಿದ್ದೇನೆ. ನನಗೆ ಹೇಳಲು ನಿಮಗೆ ಬಾಯಿ ಬರಲಿಲ್ಲ, ಆ ಮಂಡಿ ನೋವು ಇಟ್ಟುಕೊಂಡು ಪುರಸಭೆಯ ಮೆಟ್ಟಿಲು ಹತ್ತಿ ಕಾರ್ಯದರ್ಶಿಗಳಿಗೆ ಹೇಳಲು ಬಂತು. ನನ್ನನ್ನು ಸಾಲಿನಿಂದ ತೆಗೆಸಲು ಅಷ್ಟು ಕಷ್ಟಪಡಬೇಕಿತ್ತೇ? ಒಂದು ಕಾರ್ಡು ಬರೆದಿದ್ದರೆ ನಾನೇ ಸರಿದುಕೊಳ್ಳುತ್ತಿದ್ದೆ.

ಬೇರೆ ಫೋಟೋ ಕಳಿಸುವುದಿಲ್ಲ. ಬೇಕಿದ್ದರೆ ಅವರೇ ಬಂದು ತೆಗೆದುಕೊಳ್ಳಲಿ.

ಕೆಳಗೆ ಏನೆಂದು ಸಹಿ ಮಾಡಬೇಕೋ ತಿಳಿಯುತ್ತಿಲ್ಲ. ಹಾಗೇ ಬಿಟ್ಟಿದ್ದೇನೆ.


ಜುಲೈ 20

ಸೊಸೆಗೆ,

ಹಾಗೇ ಬಿಡುತ್ತಾಳಂತೆ. ಬರೆ, ಏನಾದರೂ ಬರೆ. ಸಹಿಯಿಲ್ಲದ ಕಾಗದ ನೋಡಿ ಮನೆ ಬಾಡಿಗೆಯವನು ಬೆದರಿಕೆ ಹಾಕಿದ್ದಾನೋ ಎಂದುಕೊಂಡೆ.

ಪುರಸಭೆಗೆ ಹೋದದ್ದು ನಿಜ. ಹೇಳಿದ್ದೂ ನಿಜ. ಫೋಟೋ ದಿನ ಆ ಕಾರ್ಯದರ್ಶಿ "ಸೊಸೆ ಪಕ್ಕದಲ್ಲಿ ಯಾಕೆ ನಿಂತಿಲ್ಲ" ಎಂದು ಟೀಚರಮ್ಮನ ಹತ್ತಿರ ಮೂಗು ತೂರಿಸಿದನಂತೆ. ಮುಂದೆ ನಿನ್ನ ಮದುವೆಯ ಸುದ್ದಿ ಊರ ಬಾಯಿಗೆ ಬಿದ್ದು, ಅದಕ್ಕೆ ಬಾಲ ಕೊಂಬು ಮೂಡಿ, ನನ್ನ ಕಿವಿಗೇ ಬರುವುದು ಬೇಡವೆಂದು ನಾನೇ ಹೋಗಿ ಹೇಳಿದೆ. "ನನ್ನ ಸೊಸೆ ಮದುವೆ ಆಗ್ತಿದ್ದಾಳೆ. ಮುಂದಿನ ವರ್ಷ ಬೇರೆ ಯಾರನ್ನಾದ್ರೂ ಫೋಟೋ ತೆಗೆಯೋಕೆ ಕರೆಸು. ಅವಳು ನನ್ನ ಪಕ್ಕ ನಿಲ್ಲಬೇಕು" ಎಂದೆ. ಆ ಪುಣ್ಯಾತ್ಮ ಮೊದಲ ಮಾತನ್ನು ಬರೆದುಕೊಂಡ, ಉಳಿದದ್ದು ಕಿವಿಗೇ ಇಳಿಯಲಿಲ್ಲ. ಮದುವೆ ಎಂದ ಕೂಡಲೇ ಅವನ ಪೆನ್ನು ತಾನೇ ಓಡಿತು.

ನಿನ್ನ ಕಾಗದ ಬಂದ ಮಾರನೆಯ ದಿನವೇ ಮತ್ತೆ ಹೋದೆ. ಜಗಳವಾಡಿದೆ. "ಮದುವೆ ಆದ್ಮೇಲೆ ಅವರು ನಿಮ್ಮ ಕುಟುಂಬ ಹೇಗಾಗ್ತಾರೆ ಅಮ್ಮಾ?" ಎಂದ. "ಮಗ ಸತ್ತ ಮೇಲೆ ನಾನು ತಾಯಿ ಹೇಗಾಗಿದ್ದೀನೋ ಹಾಗೇ" ಎಂದೆ. ಲೋಟ ಮುಂದೆ ತಳ್ಳಿ, ನೀರು ಕುಡಿಯಿರಿ ಎಂದ. ನಗುವ ಫೋಟೋ ಮಾತ್ರ ಹಾಕಲಾಗುವುದಿಲ್ಲವಂತೆ, ಬೇರೆ ಮನೆಯವರಿಗೆ ನೋವಾಗುತ್ತದಂತೆ. ಹಾಗಾದರೆ ನಮ್ಮ ಫೋಟೋ ತೂಗುಹಾಕುವ ಮೊಳೆ ಖಾಲಿ ಇರಲಿ, ನನ್ನದು ಬೇರೆ ಫೋಟೋ ಇಲ್ಲ ಎಂದು ಹೇಳಿ ಬಂದೆ. ಹಾಗೇ ಇದೆ, ಮೊನ್ನೆ ನೋಡಿಕೊಂಡು ಬಂದೆ. ಎಲ್ಲರೂ ಫೋಟೋದಲ್ಲಿದ್ದಾರೆ, ನಾವು ಮೊಳೆಯಲ್ಲಿದ್ದೇವೆ.

ಇನ್ನು ನನ್ನ ಮೌನದ ವಿಷಯ. ನಿನ್ನ ಕಾಗದ ಓದಿದಾಗ ನನಗೆ ಕೋಪ ಬಂತು. ಸುಳ್ಳು ಏಕೆ ಹೇಳಲಿ, ಹೊಟ್ಟೆ ಉರಿದುಹೋಯಿತು. ಅವನ ಟೋಪಿ ಇನ್ನೂ ಬಾಗಿಲ ಹಿಂದೆ ಇದೆ, ಇವಳಿಗೆ ಲಿಫ್ಟಿನವನು ಬೇಕಾದನೇ ಎಂದುಕೊಂಡೆ. ಅದೇ ಹೊತ್ತಿಗೆ, ಸದ್ಯ, ಈ ಹುಡುಗಿಗೆ ಒಬ್ಬ ಜೊತೆಯಾದನಲ್ಲ ಎಂದೂ ಅನ್ನಿಸಿತು. ಎರಡೂ ಒಂದೇ ಸಲ. ಎರಡನ್ನೂ ಒಂದೇ ಕಾಗದದಲ್ಲಿ ಬರೆಯಲು ನನಗೆ ಬರಲಿಲ್ಲ. ಬರೀ ಮೊದಲನೆಯದನ್ನು ಬರೆದರೆ ನೀನು ಸಾಯುತ್ತೀ. ಬರೀ ಎರಡನೆಯದನ್ನು ಬರೆದರೆ ನಾನು ಸಾಯುತ್ತೇನೆ. ಅದಕ್ಕೇ ನಲ್ಲಿಯ ವಿಷಯ ಬರೆದೆ.

ಕ್ಯಾಮೆರಾ ತಾ ಎಂದದ್ದು ನಿನ್ನನ್ನು ದೂರ ನಿಲ್ಲಿಸಲಿಕ್ಕೆ ಅಲ್ಲ. ಕರೆಯಲು ಬೇರೆ ನೆಪ ಇರಲಿಲ್ಲ. ಬರೀ "ಬಾ" ಎಂದರೆ ನೀನು ಮದುವೆಯ ಮಾತು ಎತ್ತುತ್ತಿದ್ದೆ. ಕೆಲಸಕ್ಕೆ ಬಾ ಎಂದರೆ ಕೆಲಸ ಮಾಡುತ್ತೀ, ನಾನು ಸುಮ್ಮನೆ ನಿನ್ನನ್ನು ನೋಡಿಕೊಂಡಿರಬಹುದು ಎಂದುಕೊಂಡೆ. ನೀನು ಅವನನ್ನು ಗದರಿದೆಯಲ್ಲ, ಆಗ ಏಕೆ ನಕ್ಕೆ ಗೊತ್ತೇ? ಒಂಬತ್ತು ವರ್ಷದಿಂದ ಎಲ್ಲರೂ ಅವನನ್ನು ಹೊಗಳುತ್ತಲೇ ಇದ್ದಾರೆ. ವೀರನಂತೆ, ಶೂರನಂತೆ. ಕೇಳಿ ಕೇಳಿ ಅವನು ನನ್ನ ಮಗನೇ ಅಲ್ಲ, ಯಾರೋ ದೊಡ್ಡ ಮನುಷ್ಯ ಎನ್ನುವಂತಾಗಿತ್ತು. ನೀನು ಬೈದೆ. ತಟ್ಟೆ ತೊಳೆಯದೆ ಎದ್ದುಹೋಗುತ್ತಿದ್ದವನು ಒಂದು ಗಳಿಗೆ ಮಡಿಲಿಗೆ ವಾಪಸು ಬಂದ. ಅವನನ್ನು ಹಾಗೆ ಬೈಯಲು ಗೊತ್ತಿರುವವರು ಈ ಲೋಕದಲ್ಲಿ ನಾವಿಬ್ಬರೇ. ನಿನ್ನನ್ನು ಬಿಟ್ಟರೆ ನಾನು ಯಾರ ಹತ್ತಿರ ಅವನನ್ನು ಬೈಯಲಿ?

ಟೀಚರಮ್ಮ "ಮಗಳು ಅಂತ ಬರೀರಿ, ಅವಳಿಗೆ ಸಮಾಧಾನ ಆಗುತ್ತೆ" ಎಂದಳು. ಬರೆಯುವುದಿಲ್ಲ. ನಾನು ಹೆಣ್ಣು ಹೆತ್ತವಳಲ್ಲ. ನೀನು ಈ ಮನೆಗೆ ಬಂದದ್ದು ಅವನ ಕೈ ಹಿಡಿದುಕೊಂಡು. ಮಗಳು ಎಂದರೆ ಅವನನ್ನು ಮಧ್ಯದಿಂದ ತೆಗೆದುಹಾಕಿದ ಹಾಗೆ. ನೀನು ಸೊಸೆ. ಸೊಸೆಯಾಗಿಯೇ ಇರು.

ಮದುವೆಗೆ ಮಾತ್ರ ಬರುವುದಿಲ್ಲ. ಕರೆಯಬೇಡ, ಗೋಗರೆಯಬೇಡ. ಮನಸ್ಸು ಒಪ್ಪಿದರೂ ಕಾಲು ಒಪ್ಪುತ್ತಿಲ್ಲ. ಆ ದಿನ ಬಾಗಿಲು ಹಾಕಿಕೊಂಡು ಮಲಗುತ್ತೇನೆ.

ಅತ್ತೆ


ಆಗಸ್ಟ್ 24

ಅತ್ತೆಗೆ ನಮಸ್ಕಾರ.

ನಿಮ್ಮ ಕಾಗದವನ್ನು ಸ್ಟುಡಿಯೋದ ಕತ್ತಲ ಕೋಣೆಯಲ್ಲಿ ಕೂತು ಓದಿದೆ. ಅಲ್ಲಿ ಈಗ ಯಾರೂ ಫಿಲ್ಮ್ ತೊಳೆಯುವುದಿಲ್ಲ, ಮುರಿದ ಸಾಮಾನು ಇಡುತ್ತಾರೆ. ಅಳಲು ಒಳ್ಳೆಯ ಜಾಗ. ಹೊರಗೆ ಬಂದಾಗ ಯಜಮಾನರು ಕಣ್ಣು ನೋಡಿ "ಏನಮ್ಮ, ಧೂಳಾ?" ಎಂದರು. ಹೌದು ಎಂದೆ.

ಗೋಗರೆಯುವುದಿಲ್ಲ. ಸುದ್ದಿ ಅಷ್ಟೇ ತಿಳಿಸುತ್ತೇನೆ. ಸೆಪ್ಟೆಂಬರ್ 12, ಶುಕ್ರವಾರ, ನೋಂದಣಿ ಕಚೇರಿಯಲ್ಲಿ, ಬೆಳಿಗ್ಗೆ ಹನ್ನೊಂದಕ್ಕೆ. ಊಟಗೀಟ, ಗದ್ದಲ ಏನೂ ಇಲ್ಲ. ಸಹಿಗೆ ಇಬ್ಬರು ಸಾಕ್ಷಿ ಬೇಕಂತೆ. ಅವರ ಕಡೆಯಿಂದ ಅವರ ತಾಯಿ. ನನ್ನ ಕಡೆಯಿಂದ ಯಾರು ಎಂದು ಕೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದೆ. ಯಜಮಾನರು ತಾವೇ ಬರುತ್ತೇನೆ ಎಂದರು. ಮುಖ ಗಂಟು ಹಾಕಿಕೊಂಡೇ ಹೇಳಿದರು, ಆದರೂ ಹೇಳಿದರು.

ನಿಮಗೆ ನೋವಾಗುತ್ತಿದೆ, ನನಗೆ ಗೊತ್ತು. ನಿಮ್ಮ ನೋವಿನ ಪಕ್ಕದಲ್ಲೇ ನಾನು ಸಂತೋಷವಾಗಿದ್ದೇನೆ. ಎರಡನ್ನೂ ಒಂದೇ ಕಾಗದದಲ್ಲಿ ಬರೆಯಲು ನನಗೂ ಬರುವುದಿಲ್ಲ, ಆದರೂ ಬರೆದಿದ್ದೇನೆ.

ಆ ದಿನ ಬಾಗಿಲು ಹಾಕಿಕೊಂಡು ಮಲಗಿ, ಆದರೆ ಊಟ ಮಾಡಿ ಮಲಗಿ.

ನಿಮ್ಮ ಸೊಸೆ


ಸೆಪ್ಟೆಂಬರ್ 17

ಸೊಸೆಗೆ,

ಮನೆ ಮುಟ್ಟಿದೆ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಮಂಡಿ ಬಾತಿದೆ, ಎರಡು ದಿನದಿಂದ ಟೀಚರಮ್ಮ ಬಿಸಿನೀರಿನ ಚೀಲ ಇಡುತ್ತಾ, ಬೈಯುತ್ತಾ ಇದ್ದಾಳೆ.

ಬರುವುದಿಲ್ಲ ಎಂದು ಬರೆದವಳು ಏಕೆ ಬಂದೆ ಎಂದು ನೀನು ಫೋನಿನಲ್ಲಿ ಕೇಳಿದೆ. ನಾನು "ಸುಮ್ನೆ" ಎಂದೆ. ಸುಮ್ಮನೆ ಅಲ್ಲ. ಗುರುವಾರ ಬಟ್ಟೆ ಇಸ್ತ್ರಿ ಮಾಡುತ್ತಿದ್ದೆ. ನಿನ್ನ ಕಡೆಯಿಂದ ಸಹಿಗೆ ಯಾರು ಎಂದು ಕೇಳಿದಾಗ ಸುಮ್ಮನಿದ್ದೆ ಎಂದು ಬರೆದಿದ್ದೆಯಲ್ಲ, ಆ ಮಾತು ತಲೆಯಿಂದ ಹೋಗಲಿಲ್ಲ. ಅವನ ಪೆಟ್ಟಿಗೆ ಬಂದ ದಿನ ಸೇನೆಯವರು ಸಹಿ ಕೇಳಿದರು. ನನ್ನ ಕೈ ಎಷ್ಟು ನಡುಗಿತೆಂದರೆ ಪೆನ್ನು ನಿಲ್ಲಲಿಲ್ಲ. ನೀನು ನನ್ನ ಕೈಯಿಂದ ತೆಗೆದುಕೊಂಡು ಸಹಿ ಹಾಕಿದೆ. ಆಮೇಲೆ ಎರಡು ವರ್ಷ ಈ ಮನೆಗೆ ಬಂದ ಎಲ್ಲ ಕಾಗದಕ್ಕೂ ನೀನೇ ಹಾಕಿದೆ. ನಿನಗೆ ಒಂದು ಸಹಿ ಬೇಕಾದಾಗ ಸ್ಟುಡಿಯೋದವನು ಹಾಕುವುದೇ? ಇಸ್ತ್ರಿಪೆಟ್ಟಿಗೆ ಆರಿಸಿ ಬಸ್ಸು ನಿಲ್ದಾಣಕ್ಕೆ ಹೋದೆ. ಅಷ್ಟೇ ನಡೆದದ್ದು.

ನೋಂದಣಿ ಕಚೇರಿ ಮೂರನೇ ಮಹಡಿಯಲ್ಲಿದೆ ಎಂದು ನೀನು ಬರೆದಿರಲಿಲ್ಲ. ಲಿಫ್ಟ್ ಕೆಟ್ಟಿತ್ತು. ಮದುಮಗ ಲಿಫ್ಟಿನವನು, ಮದುವೆಯ ದಿನವೇ ಲಿಫ್ಟ್ ಕೆಟ್ಟಿದೆ, ಅದನ್ನು ಕಂಡು ನನಗೆ ಒಳಗೊಳಗೇ ಸ್ವಲ್ಪ ಸಂತೋಷವೂ ಆಯಿತು, ಬಚ್ಚಿಡುವುದೇಕೆ. ಮೊದಲ ಮಹಡಿ ಹತ್ತುವಷ್ಟರಲ್ಲಿ ನನ್ನ ಉಸಿರು ಹೋಗಿ, ಮೆಟ್ಟಿಲ ಮೇಲೆ ಕೂತುಬಿಟ್ಟೆ. ಅಲ್ಲೇ ಒಬ್ಬ ಹೊಸ ಅಂಗಿಯ ತೋಳು ಮಡಚಿಕೊಂಡು, ಲಿಫ್ಟಿನ ಬಾಗಿಲ ಸಂದಿಗೆ ಕಣ್ಣಿಟ್ಟು ನೋಡುತ್ತಿದ್ದ. ಇವನೇ ಎಂದು ಆಗಲೇ ಗೊತ್ತಾಯಿತು. ಮದುವೆಯ ಹೊತ್ತಿನಲ್ಲೂ ಲಿಫ್ಟ್ ನೋಡುವವನು ಇನ್ನಾರು ಇದ್ದಾನು.

"ಅಮ್ಮಾ, ಇದು ಇವತ್ತು ಸರಿಹೋಗಲ್ಲ, ಪಾರ್ಟು ಬೇಕು. ಎಷ್ಟನೇ ಮಹಡಿಗೆ?" ಎಂದ. "ಮೂರಕ್ಕೆ. ನಿನ್ನ ಮದುವೆಗೇ" ಎಂದೆ. ಅವನ ಮುಖ ನೀನು ನೋಡಬೇಕಿತ್ತು, ಕ್ಯಾಮೆರಾ ಇದ್ದಿದ್ದರೆ ನಾನೇ ತೆಗೆಯುತ್ತಿದ್ದೆ. ಕೈ ಹಿಡಿದು ಹತ್ತಿಸುತ್ತೇನೆ ಎನ್ನುತ್ತಾನೆ, ನಾನು ಬೇಡ ಎನ್ನುತ್ತೇನೆ ಎಂದು ಸಿದ್ಧವಾಗಿದ್ದೆ. ಅವನು ಕೇಳಲೇ ಇಲ್ಲ. ಎರಡು ಮೆಟ್ಟಿಲು ಹಿಂದೆ ನಿಂತುಕೊಂಡ. ನಾನು ಹತ್ತಿದರೆ ಹತ್ತಿದ, ನಿಂತರೆ ನಿಂತ, ಬಿದ್ದರೆ ಹಿಡಿಯುವಷ್ಟು ಹತ್ತಿರದಲ್ಲಿ. ಕೊನೆಯ ತಿರುವಿನಲ್ಲಿ ನಾನೇ ಕೈ ಚಾಚಿದೆ. ನೀನು ಬರೆದ ಹಾಗೆ ಗ್ರೀಸಿನ ವಾಸನೆ.

ಬಾಗಿಲಲ್ಲಿ ನನ್ನನ್ನು ಕಂಡು ನೀನು ಅಳಲು ಶುರುಮಾಡಿ ಕಿಟಕಿಯ ಕಡೆ ತಿರುಗಿಕೊಂಡೆ. ನಿನ್ನ ಯಜಮಾನ ತುಂಬಾ ಮರ್ಯಾದಸ್ಥ, ಕುರ್ಚಿ ಬಿಟ್ಟು ಎದ್ದ, ಪೆನ್ನು ನನ್ನ ಕೈಗೆ ಕೊಟ್ಟ. ಆಮೇಲೆ ನಡೆದದ್ದು ನಿನ್ನ ಅಳುವಿನಲ್ಲಿ ಕೇಳಿಸಿರಲಾರದು, ಅದಕ್ಕೇ ಬರೆಯುತ್ತಿದ್ದೇನೆ.

ಗುಮಾಸ್ತ ಕೇಳಿದ, "ಹುಡುಗಿಗೆ ನೀವೇನಾಗ್ಬೇಕು?"

"ಗಂಡನ ತಾಯಿ" ಎಂದೆ. ಬೇರೆ ಏನು ಹೇಳಲಿ? ಇರುವುದೇ ಅದು.

ಅವನು ಲಿಫ್ಟಿನವನನ್ನು ನೋಡಿದ. "ಇವರ ತಾಯೀನಾ?"

"ಅಲ್ಲ. ಇವಳ ಗಂಡನ ತಾಯಿ."

ಅವನ ಪೆನ್ನು ನಿಂತಿತು. ಏಕೆ ಬಂದೆನೋ, ಈ ಶುಭದ ಹೊತ್ತಿನಲ್ಲಿ ಸತ್ತವನನ್ನು ಎಳೆದುತಂದೆನಲ್ಲ ಎನ್ನಿಸಿತು. ಆಗ ಮೂಲೆಯಲ್ಲಿ ಕೂತಿದ್ದ ಲಿಫ್ಟಿನವನ ತಾಯಿ, ನನಗಿಂತ ಎರಡು ಪಟ್ಟು ಮುದುಕಿ, ಕೋಲು ಊರಿಕೊಂಡು ಎದ್ದು ಬಂದಳು. ನನ್ನ ಮುಖ ನೋಡಿದಳು. "ನಾನೂ ಗಂಡನ ತಾಯೀನೇ. ಅವರದ್ದು ಮೊದಲು ಬರ್ಕೊಳ್ಳಪ್ಪ, ಅವರು ಮೊದಲಿಂದ ಇದ್ದಾರೆ" ಎಂದಳು.

ಸಹಿ ಹಾಕಿದೆ. ಕೈ ನಡುಗಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅಳುತ್ತಾ ಬಂದೆ. ಕಂಡಕ್ಟರು ಟಿಕೆಟ್ ಕೇಳಲೂ ಹೆದರಿದ. ಇದನ್ನು ನಿನಗೆ ಚುಚ್ಚಲಿಕ್ಕೆ ಬರೆಯುತ್ತಿಲ್ಲ, ಅತ್ತದ್ದನ್ನು ಮುಚ್ಚಿಟ್ಟರೆ ನಾಳೆ ಮತ್ತೆ ನಲ್ಲಿಯ ವಿಷಯ ಬರೆಯಬೇಕಾಗುತ್ತದೆ. ಇನ್ನೂ ಕೋಪವಿದೆ, ಸ್ವಲ್ಪ. ಕಡಿಮೆಯಾಗುತ್ತದೆ. ಅವಸರ ಮಾಡಬೇಡ.

ಗುಮಾಸ್ತ ಏನು ಬರೆದ ಎಂದು ನಾನು ಬಗ್ಗಿ ನೋಡಿದೆ. ನನ್ನ ಹೆಸರಿನ ಮುಂದೆ "ಗಂಡನ ತಾಯಿ". ಅದರ ಕೆಳಗೆ ಆಕೆಯ ಹೆಸರಿನ ಮುಂದೆ "ಗಂಡನ ತಾಯಿ". ಯಾವ ಗಂಡ ಎಂದು ಬರೆಯುವುದಿಲ್ಲವೇ ಎಂದು ಕೇಳಿದೆ. ಅದಕ್ಕೆ ಈ ಪುಸ್ತಕದಲ್ಲಿ ಜಾಗ ಇಲ್ಲಮ್ಮ ಎಂದ.

ನಿನ್ನ ಅತ್ತೆ